ಹುಡುಕಲು ಬೇಗ ಕಲಿತ ಸುದ್ದಿಮನೆ, ಪರಿಶೀಲಿಸಲು ಕಲಿತದ್ದು ತಡವಾಗಿ

ಪತ್ರಕರ್ತರಿಗೆ ಅಂತರ್ಜಾಲ ಬಳಸಲು ಬರುವುದಿಲ್ಲ ಎಂಬ ದೂರು ಹೊಸದಲ್ಲ. ತರಬೇತಿ ಸಾಲದು ಎನ್ನುವವರಿದ್ದಾರೆ, ಅವಸರವೇ ಕಾರಣ ಎನ್ನುವವರೂ ಇದ್ದಾರೆ. ಈ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ನೋಡಿದ್ದರಿಂದಲೇ ಚರ್ಚೆ ಇಷ್ಟು ಗೋಜಲಾಗಿದೆ.

1967ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಗಲಭೆಯ ಬಳಿಕ ಪತ್ರಕರ್ತ ಫಿಲಿಪ್ ಮೇಯರ್ ಸಮೀಕ್ಷೆಯ ಉತ್ತರಗಳನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸಿ ವರದಿ ಮಾಡಿದರು. 1993ರಲ್ಲಿ ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ವೆಬ್ ತಂತ್ರಜ್ಞಾನವನ್ನು ಎಲ್ಲರಿಗೂ ಮುಕ್ತವಾಗಿಸಿತು. ಹುಡುಕಾಟದ ತಾಣಗಳಾದ ಆಲ್ಟಾವಿಸ್ಟಾ 1995ರಲ್ಲಿ, ಗೂಗಲ್ 1998ರಲ್ಲಿ ಬಂದವು. ಹಳೆಯ ಪತ್ರಿಕಾ ತುಣುಕುಗಳ ಕಡತ ತೆಗೆಯುವ ಕೆಲಸ ತಪ್ಪಿತು. ಡೆಸ್ಕ್‌ನವರು ಮೊದಲು ಕಲಿತದ್ದು ಬೇಕಾದ್ದನ್ನು ಬೇಗ ಹೊರತೆಗೆಯುವುದನ್ನು. ಸಿಕ್ಕಿದ್ದು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗುವುದನ್ನು ಹೇಳಿಕೊಟ್ಟವರು ಕಡಿಮೆ.

ಇದರ ಫಲ 2009ರ ಮಾರ್ಚ್‌ನಲ್ಲಿ ಕಂಡಿತು. ಫ್ರೆಂಚ್ ಸಂಗೀತ ಸಂಯೋಜಕ ಮೊರಿಸ್ ಜಾರ್ ತೀರಿಕೊಂಡಾಗ ಡಬ್ಲಿನ್‌ನ ವಿದ್ಯಾರ್ಥಿಯೊಬ್ಬ ತಾನೇ ಕಟ್ಟಿದ ಮಾತೊಂದನ್ನು ಅವರದೆಂದು ವಿಕಿಪೀಡಿಯಕ್ಕೆ ಸೇರಿಸಿದ. ಆಧಾರವಿಲ್ಲವೆಂದು ಅಲ್ಲಿನ ಸ್ವಯಂಸೇವಕರು ಅದನ್ನು ಅಳಿಸಿದರು. ಅಷ್ಟರಲ್ಲಿ ಬೇರೆ ಬೇರೆ ದೇಶಗಳ ಪತ್ರಿಕೆಗಳು ಆ ಮಾತನ್ನು ಶ್ರದ್ಧಾಂಜಲಿ ಬರಹಕ್ಕೆ ಎತ್ತಿಕೊಂಡಿದ್ದವು. ವಿಷಯ ಹೊರಬಿದ್ದದ್ದು ಸುಮಾರು ತಿಂಗಳ ನಂತರ, ಆ ವಿದ್ಯಾರ್ಥಿಯೇ ತಿಳಿಸಿದಾಗ. ಸಂಬಳವಿಲ್ಲದ ಸ್ವಯಂಸೇವಕರು ಕೇಳಿದ ಪ್ರಶ್ನೆಯನ್ನು ಸುದ್ದಿಮನೆಗಳು ಕೇಳಲಿಲ್ಲ ಎಂಬುದು ನೋವಿನ ಸಂಗತಿ.

2012ರ ಮೇನಲ್ಲಿ ಸಿರಿಯಾದ ಹೌಲಾ ಹತ್ಯಾಕಾಂಡದ್ದೆಂದು ಪ್ರಕಟವಾದ ಚಿತ್ರವೊಂದು 2003ರಲ್ಲಿ ಇರಾಕಿನಲ್ಲಿ ತೆಗೆದದ್ದಾಗಿತ್ತು. ಗುರುತು ಹಿಡಿದವರು ಅದನ್ನು ತೆಗೆದ ಛಾಯಾಗ್ರಾಹಕರೇ. ಚಿತ್ರದ ಹಳೆಯ ಪ್ರತಿಗಳನ್ನು ಹುಡುಕಿಕೊಡುವ ಟಿನ್‌ಐ 2008ರಿಂದಲೇ ಇತ್ತು. ಗೂಗಲ್ 2011ರಲ್ಲಿ ಅದೇ ಸೌಲಭ್ಯ ಕೊಟ್ಟಿತ್ತು. ಉಪಕರಣ ಕೈಯಲ್ಲಿತ್ತು. ಪ್ರಕಟಿಸುವ ಮುನ್ನ ಚಿತ್ರದ ಮೂಲ ಮಾತ್ರ ಖಚಿತವಾಗಿರಲಿಲ್ಲ.

ಸಮಯ ಕೊಟ್ಟಾಗ ಏನಾಗುತ್ತದೆ ಎನ್ನುವುದಕ್ಕೂ ಉದಾಹರಣೆ ಇದೆ. ಆಫ್ರಿಕಾದ ಕ್ಯಾಮರೂನ್‌ನಲ್ಲಿ ಸೈನಿಕರು ಇಬ್ಬರು ಮಹಿಳೆಯರನ್ನೂ ಇಬ್ಬರು ಮಕ್ಕಳನ್ನೂ ಗುಂಡಿಕ್ಕಿ ಕೊಲ್ಲುವ ವಿಡಿಯೊ 2018ರ ಜುಲೈನಲ್ಲಿ ಹರಿದಾಡಿತು. ಕ್ಯಾಮರೂನ್ ಸರ್ಕಾರ ಮೊದಲು ಅದನ್ನು ಸುಳ್ಳೆಂದಿತು. ಬಿಬಿಸಿಯ ತನಿಖಾ ತಂಡ ಆಫ್ರಿಕಾ ಐ ವಿಡಿಯೊದ ಹಿನ್ನೆಲೆಯಲ್ಲಿ ಕಾಣುವ ಬೆಟ್ಟದ ಏರಿಳಿತವನ್ನು ಉಪಗ್ರಹ ದತ್ತಾಂಶದೊಡನೆ ಹೋಲಿಸಿ ಜಾಗ ಪತ್ತೆಹಚ್ಚಿತು. ಕಟ್ಟಡಗಳು, ಕಾಲುದಾರಿ, ಸೈನಿಕರ ನೆರಳು ಇವುಗಳಿಂದ ಘಟನೆ 2015ರ ಮಾರ್ಚ್ ಕೊನೆಯಿಂದ ಏಪ್ರಿಲ್ ಆರಂಭದೊಳಗಿನದು ಎಂದು ಗೊತ್ತಾಯಿತು. 2020ರಲ್ಲಿ ನಾಲ್ವರು ಸೈನಿಕರಿಗೆ 10 ವರ್ಷ ಜೈಲಾಯಿತು. ಅಂಥ ಕೆಲಸ ಒಂದು ಪಾಳಿಯಲ್ಲಿ ಮುಗಿಯುವಂಥದ್ದಲ್ಲ.

ಈಗ ಕೃತಕ ಬುದ್ಧಿಮತ್ತೆ ಸೃಷ್ಟಿಸುವ ಚಿತ್ರಗಳಿಗೆ ಹಳೆಯ ಪ್ರತಿಯೇ ಇರುವುದಿಲ್ಲ. ಮೊದಲು ಹಾಕಿದವರು ಯಾರು, ಆ ಹೊತ್ತಿನಲ್ಲಿ ಅಲ್ಲಿ ಮತ್ತ್ಯಾರಿದ್ದರು ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿಯೇ ತಿಳಿಯಬೇಕು. ಎಷ್ಟೋ ಕಡೆ ಆ ಕೆಲಸ ಫ್ಯಾಕ್ಟ್‌ಚೆಕ್ ವಿಭಾಗಕ್ಕೆ ಸೇರಿದ್ದು, ಅದು ಶುರುವಾಗುವುದು ವೆಬ್ ಡೆಸ್ಕ್‌ನಿಂದ ಸುದ್ದಿ ಹೊರಬಿದ್ದ ಮೇಲೆ.