ಅಜ್ಜ ಕೊಟ್ಟ ರಾಜೀನಾಮೆ

ಹೊಸನಗರದ ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಟ್ರಂಕೊಂದಿದೆ. ಅದರೊಳಗೆ, ಗೆದ್ದಲು ಅಂಚು ತಿಂದ ಕಾಗದವೊಂದರ ತಲೆಯ ಮೇಲೆ ‘ರಾಜೀನಾಮೆ’ ಎಂದು ಬರೆದಿದೆ. ಓದಿ ಬೆರಗಾದೆ. ಗದ್ದೆ, ತೋಟ ಬಿಟ್ಟರೆ ಅಜ್ಜ ಯಾವ ನೌಕರಿಗೂ ಹೋದವರಲ್ಲ. ಕೆಳಗೆ ಸರ್ವೆ ನಂಬರು, ವಿಸ್ತೀರ್ಣ, ಕಂದಾಯದ ಲೆಕ್ಕ, ಕೊನೆಯಲ್ಲಿ ಮಾಸಿದ ಹೆಬ್ಬೆಟ್ಟು. ಅಜ್ಜ ಬಿಟ್ಟುಕೊಟ್ಟಿದ್ದು ಹೊಳೆಯಂಚಿನ ಗದ್ದೆಯನ್ನು.

‘ರಾಜಿ’ ಅರಬ್ಬಿ ಮೂಲದ ಪದ, ಒಪ್ಪಿದವನು ಎಂದರ್ಥ. ‘ನಾಮಾ’ ಎಂದರೆ ಪಾರಸಿಯಲ್ಲಿ ಪತ್ರ. ಎರಡೂ ಕೂಡಿದರೆ ಒಪ್ಪಿಗೆ ಪತ್ರ. ಹಿಂದಿ, ಉರ್ದುಗಳಲ್ಲಿ ಈಗಲೂ ಹಾಗೆಯೇ: ಜಗಳವಾಡಿದವರು ಸಂಧಾನ ಮಾಡಿಕೊಂಡು ಬರೆದರೆ ಅದು ರಾಜೀನಾಮಾ. ನೌಕರಿ ಬಿಡುವುದಕ್ಕೆ ಅವರದು ‘ಇಸ್ತೀಫಾ’. ನಮ್ಮ ಕಡೆ ಈ ಪದದ ದಾರಿಯನ್ನು ತಿರುಗಿಸಿದ್ದು ಮಣ್ಣು. ಮೈಸೂರು ಸೀಮೆಯಲ್ಲೂ ಮುಂಬೈ ಪ್ರಾಂತ್ಯದಲ್ಲೂ, ಜಮೀನು ಬಿಡಲು ಒಪ್ಪಿದ್ದೇನೆಂದು ರೈತ ಬರೆದುಕೊಡುವ ಪತ್ರಕ್ಕೆ ಇದೇ ಹೆಸರಿತ್ತು. ಬರಬರುತ್ತಾ ಒಪ್ಪಿಗೆ ಮಸುಕಾಗಿ ಬಿಡುವುದಷ್ಟೇ ಉಳಿಯಿತು. ಜಮೀನಿಗೆ ಅಂಟಿದ್ದ ಅರ್ಥ ಹುದ್ದೆಗೂ ಹಬ್ಬಿತು. ಮರಾಠಿ, ತೆಲುಗು, ತಮಿಳಿನವರಿಗೂ ರಾಜೀನಾಮೆಯೆಂದರೆ ಹುದ್ದೆ ತೊರೆಯುವುದೇ. ಮಲಯಾಳಂ ಬಾಲ ಕತ್ತರಿಸಿ ಬರಿಯ ‘ರಾಜಿ’ ಎಂದಿತು. ಕನ್ನಡ ಎರಡನ್ನೂ ಬೇರೆ ಬೇರೆ ಕೆಲಸಕ್ಕೆ ಇಟ್ಟುಕೊಂಡಿದೆ: ರಾಜಿಯಾದವನು ಉಳಿಯುತ್ತಾನೆ, ರಾಜೀನಾಮೆ ಕೊಟ್ಟವನು ಹೊರಡುತ್ತಾನೆ. ಈ ಜಾಣ್ಮೆ ನನಗೆ ಬಹಳ ಇಷ್ಟ.

ಬಿಜಾಪುರದ ಸುಲ್ತಾನರ, ಮರಾಠರ ಒಡನಾಟದಿಂದ ಪಾರಸಿ ಪದಗಳು ಕನ್ನಡಕ್ಕೆ ಮೊದಲೇ ಬಂದಿದ್ದವು. 1763ರಲ್ಲಿ ಹೈದರಾಲಿ ಕೆಳದಿ ಅರಸರ ಬಿದನೂರನ್ನು ಗೆದ್ದ. ಅವನ, ಟಿಪ್ಪುವಿನ ಆಳ್ವಿಕೆಯಲ್ಲಿ ಕಂದಾಯದ ಕಡತಗಳಲ್ಲಿ ಪಾರಸಿ ಇನ್ನಷ್ಟು ಬೇರೂರಿತು. ಆಮೇಲಿನ ಸರ್ಕಾರಗಳೂ ಆ ಪದಗಳನ್ನೇ ಉಳಿಸಿಕೊಂಡವು.

‘ದರಖಾಸ್ತು’ ಎಂದರೆ ಪಾರಸಿಯಲ್ಲಿ ಬೇಡಿಕೆ, ವಿನಂತಿ. ಇಲ್ಲಿ ಅರ್ಜಿ ಹಾಕಿ ಪಡೆದ ಜಮೀನೇ ದರಖಾಸ್ತು ಜಮೀನಾಯಿತು.

ಮಲೆನಾಡಿನ ಮನೆಮನೆಯಲ್ಲಿ ಕೇಳುವ ‘ಬಗರ್ ಹುಕುಂ’ ಇನ್ನೂ ದೂರ ಬಂದಿದೆ. ‘ಬಗೈರ್’ ಎಂದರೆ ಇಲ್ಲದೆ, ‘ಹುಕುಂ’ ಎಂದರೆ ಅಪ್ಪಣೆ. ಅಪ್ಪಣೆಯಿಲ್ಲದೆ ಸರ್ಕಾರಿ ಜಾಗದಲ್ಲಿ ಮಾಡಿದ ಸಾಗುವಳಿಗೆ ಇಟ್ಟ ಹೆಸರದು. ಅದನ್ನು ಸಕ್ರಮಗೊಳಿಸಲು ನಮೂನೆ 50, 53, 57 ಎಂದು ಅರ್ಜಿಗಳು ಬಂದವು, ಅರ್ಜಿ ನೋಡಲು ಸಮಿತಿ ಬಂತು. ಆ ಸಮಿತಿಯ ಹೆಸರೂ ಬಗರ್ ಹುಕುಂ ಸಮಿತಿಯೇ. ಈಗ ಜನರ ಬಾಯಲ್ಲಿ ಅದು ತಪ್ಪಿನ ಹೆಸರಾಗಿ ಉಳಿದಿಲ್ಲ, ಹಕ್ಕಿನ ಹೆಸರಾಗಿದೆ.

ಪಕ್ಕದ ಮನೆಯ ದೊಡ್ಡಮ್ಮ ವರ್ಷಗಟ್ಟಲೆ ತಾಲ್ಲೂಕು ಕಚೇರಿಗೆ ಅಲೆದವರು. ಸಾಗುವಳಿ ಚೀಟಿ ಕೈಸೇರಿದ ದಿನ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸೆರಗಿನೊಳಗೆ ಹಿಡಿದುಕೊಂಡು ಬಂದರು. ಜಗಲಿಯಲ್ಲಿ ಕುಳಿತು ಮೆಲ್ಲಗೆ ಬಿಚ್ಚಿದರು. ತಹಶೀಲ್ದಾರರ ಸಹಿ, ದುಂಡು ಮೊಹರು, ಎಲ್ಲವೂ ಇತ್ತು. ಆ ಹುಕುಮನ್ನು ನನ್ನ ಕೈಗೆ ಕೊಟ್ಟು ಹೇಳಿದರು: “ಅಂತೂ ನಮಗೂ ಬಗರ್ ಹುಕುಂ ಆಯಿತು ಮಾರಾಯ.”