ರಾಯಭಾರ ಕಚೇರಿ ಎನ್ನದ ರಾಯಭಾರ ಕಚೇರಿ

ತೈವಾನಿಗೆ ಓದಲು ಹೊರಟವರು ಪದವಿ ಪ್ರಮಾಣಪತ್ರದ ದೃಢೀಕರಣಕ್ಕೆಂದು ನನ್ನ ಬಳಿ ಬಂದಾಗ ಮೊದಲು ಕೇಳುವುದು, "ಸರ್, ದೆಹಲಿಯಲ್ಲಿ ತೈವಾನ್ ಎಂಬೆಸಿ ಎಲ್ಲಿದೆ?" ಎಂದು. ಎಂಬೆಸಿ ಇಲ್ಲ. ತೈವಾನ್ ತನ್ನದೇ ಭಾಗ ಎನ್ನುತ್ತದೆ ಚೀನಾ; ಅದಕ್ಕೆ ಮಾನ್ಯತೆ ಕೊಟ್ಟ ಭಾರತದಂಥ ದೇಶಗಳು ತೈವಾನಿನೊಂದಿಗೆ ಅಧಿಕೃತ ರಾಯಭಾರ ಸಂಬಂಧ ಇಟ್ಟುಕೊಳ್ಳುವುದಿಲ್ಲ. ಇರುವುದು ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರ. ಒಂದು ದೇಶದ ಒಂದೇ ಮೊಹರನ್ನು ಇನ್ನೊಂದು ದೇಶ ಒಪ್ಪಿಕೊಳ್ಳುವ ಅಪೊಸ್ಟಿಲ್ ಒಪ್ಪಂದಕ್ಕೆ ತೈವಾನ್ ಸೇರಿಲ್ಲ; ಹಾಗಾಗಿ ನಮ್ಮ ವಿದೇಶಾಂಗ ಸಚಿವಾಲಯದ ಮೊಹರು ಬಿದ್ದ ಮೇಲೆ ಕಾಗದ ಈ ಕೇಂದ್ರಕ್ಕೆ ಹೋಗಬೇಕು. ವೀಸಾ ಕೊಡುವುದೂ ಅದೇ. ಹೆಸರು ಕೇಳಿದರೆ ನೃತ್ಯ ಕಾರ್ಯಕ್ರಮ ಏರ್ಪಡಿಸುವ ಸಂಸ್ಥೆಯೇನೋ ಅನ್ನಿಸುತ್ತದೆ, ಬಿಡಿ.

ಅತ್ತ ತೈವಾನಿನ ರಾಜಧಾನಿ ತೈಪೆಯಲ್ಲಿ ನಮ್ಮದು ಇಂಡಿಯಾ-ತೈಪೆ ಅಸೋಸಿಯೇಷನ್. ಎರಡೂ 1995ರವು. ಅಲ್ಲಿನ ಮುಖ್ಯಸ್ಥರು ಐಎಫ್‌ಎಸ್ ಅಧಿಕಾರಿಯೇ, ಆದರೆ ರಾಯಭಾರಿ ಅಲ್ಲ, ಮಹಾನಿರ್ದೇಶಕರು.

ಈ ದಾರಿ ತೋರಿಸಿದ್ದು ಜಪಾನ್. 1972ರಲ್ಲಿ ಬೀಜಿಂಗ್‌ಗೆ ಮಾನ್ಯತೆ ಕೊಟ್ಟು, ತೈಪೆಯ ಕೆಲಸವನ್ನು ಖಾಸಗಿ ಸಂಘವೊಂದಕ್ಕೆ ಒಪ್ಪಿಸಿತು. 1979ರಲ್ಲಿ ಅಮೆರಿಕ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕಾನೂನನ್ನೇ ಮಾಡಿತು. ಅದರ ಪರವಾಗಿ ಅಲ್ಲಿ ಕೆಲಸ ನೋಡಿಕೊಳ್ಳುವ ಅಮೆರಿಕನ್ ಇನ್‌ಸ್ಟಿಟ್ಯೂಟ್ ಇನ್ ತೈವಾನ್ ಕಾಗದದ ಮೇಲೆ ಲಾಭರಹಿತ ಖಾಸಗಿ ಸಂಸ್ಥೆ. ಸರ್ಕಾರಿ ಅಧಿಕಾರಿ ಸೇವೆಯಿಂದ ಬಿಡುಗಡೆ ಪಡೆದು ಅಲ್ಲಿ ದುಡಿದು, ಮತ್ತೆ ಹಳೆಯ ಸೇವೆಗೆ ಮರಳಲು ಅದೇ ಕಾನೂನಿನಲ್ಲಿ ಅವಕಾಶವಿದೆ. ಈ ಜಾಣತನಕ್ಕೆ ವಕೀಲನಾಗಿ ತಲೆದೂಗುತ್ತೇನೆ.

ತೊಡಕು ಶುರುವಾಗುವುದು ಬಂಧನ, ಮೊಕದ್ದಮೆಗಳಿಂದ ಸಿಗುವ ರಕ್ಷಣೆಯ ವಿಷಯದಲ್ಲಿ. ರಾಯಭಾರಿಗೆ 1961ರ ವಿಯೆನ್ನಾ ಒಪ್ಪಂದದ ಬಲವಿದೆ. ಇಂಥ ಕಚೇರಿಗಳವರಿಗೆ ಸಿಗುವುದು ಆ ದೇಶದ ಕಾನೂನು ಅಥವಾ ಕಚೇರಿಗಳ ನಡುವಿನ ಕರಾರು ಕೊಟ್ಟಷ್ಟೇ. 2011ರಲ್ಲಿ ಅಮೆರಿಕದ ಕ್ಯಾನ್ಸಾಸ್ ಸಿಟಿಯಲ್ಲಿದ್ದ ತೈವಾನ್ ಕಚೇರಿಯ ಮುಖ್ಯಸ್ಥೆಯನ್ನು ಮನೆಗೆಲಸದವರ ನೇಮಕದಲ್ಲಿ ವಂಚನೆ ಮಾಡಿದ ಆರೋಪದ ಮೇಲೆ ಎಫ್‌ಬಿಐ ಬಂಧಿಸಿತು. ರಕ್ಷಣೆ ಇದ್ದದ್ದು ಕಚೇರಿ ಕೆಲಸಕ್ಕೆ ಮಾತ್ರ. ತಪ್ಪೊಪ್ಪಿಕೊಂಡ ಅವರನ್ನು ಕೊನೆಗೆ ಗಡೀಪಾರು ಮಾಡಲಾಯಿತು. ಎರಡೂ ಕಡೆಯವರು ಸವಲತ್ತುಗಳ ಹೊಸ ಕರಾರಿಗೆ ಸಹಿ ಹಾಕಿದ್ದು 2013ರಲ್ಲಿ.

ಇನ್ನು ಬೋರ್ಡಿನ ಮಾತು. ಹೆಚ್ಚಿನ ಕಡೆ ಬರೆಯುವುದು 'ತೈಪೆ' ಎಂದು, ಅಂದರೆ ಬರೀ ಊರಿನ ಹೆಸರು. 2021ರ ನವೆಂಬರ್‌ನಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ 'ತೈವಾನ್' ಹೆಸರಲ್ಲೇ ಕಚೇರಿ ತೆರೆದಾಗ, ಚೀನಾ ಆ ದೇಶದೊಂದಿಗಿನ ಸಂಬಂಧವನ್ನು ರಾಯಭಾರಿ ಮಟ್ಟದಿಂದ ಕೆಳಗಿಳಿಸಿತು.

ನಾನಂತೂ ಅರ್ಜಿಯ ಜೊತೆಗಿನ ಪತ್ರದಲ್ಲಿ ಯಾರಾದರೂ 'ಎಂಬೆಸಿ' ಎಂದು ಬರೆದು ತಂದರೆ, ಅದನ್ನು ಹೊಡೆದುಹಾಕಿ ಕೇಂದ್ರದ ಪೂರ್ತಿ ಹೆಸರು ಬರೆಸಿಯೇ ಕಳಿಸುವುದು.