ಒಡ್ಡು ಕಟ್ಟಿದವರು, ಒಡ್ಡು ಕಡಿದವರು

2018ರ ಸೆಪ್ಟೆಂಬರ್‌ನಲ್ಲಿ ಬಾಂಗ್ಲಾದೇಶ ‘ಡೆಲ್ಟಾ ಪ್ಲ್ಯಾನ್ 2100’ಕ್ಕೆ ಒಪ್ಪಿಗೆ ಕೊಟ್ಟಿತು. ಐದು ವರ್ಷದ ಯೋಜನೆಗಳೇ ಹೊತ್ತಿಗೆ ಮುಗಿಯದ ಕಾಲದಲ್ಲಿ ಶತಮಾನದ ಕೊನೆಯವರೆಗಿನ ಲೆಕ್ಕ! ನೆರೆಗೂ ಚಂಡಮಾರುತಕ್ಕೂ ಜಗ್ಗದೆ, ಇರುವ ನೀರಿನಿಂದಲೇ ಏಳಿಗೆ ಕಾಣಬೇಕು ಅನ್ನೋದು ಅದರ ಆಸೆ. ತಯಾರಿಗೆ ನೆದರ್‌ಲ್ಯಾಂಡ್ಸ್ ಕೈಜೋಡಿಸಿತ್ತು. 2030ರ ಹೊತ್ತಿಗೆ 80 ಯೋಜನೆ, ಸುಮಾರು 3,700 ಕೋಟಿ ಡಾಲರ್ ವೆಚ್ಚ.

ಡಚ್ಚರ, ಅಂದರೆ ನೆದರ್‌ಲ್ಯಾಂಡ್ಸ್‌ನವರ, ಮಾದರಿ ಅಲ್ಲಿಗೆ ಹೊಸತೇನಲ್ಲ. ಅದರ ಹಳೆಯ ಪಾಠ ಸ್ವಲ್ಪ ಕಹಿಯಾಗಿಯೇ ಇದೆ.

1954, 1955ರಲ್ಲಿ ಆಗಿನ ಪೂರ್ವ ಪಾಕಿಸ್ತಾನಕ್ಕೆ ಭಾರಿ ನೆರೆ ಬಂತು. ವಿಶ್ವಸಂಸ್ಥೆಯ ತಜ್ಞರ ತಂಡ ಬಂದು ನೋಡಿ ಹೋಯಿತು. 1959ರಲ್ಲಿ ನೀರು–ವಿದ್ಯುತ್‌ಗೆ ಒಂದು ಪ್ರಾಧಿಕಾರ ಹುಟ್ಟಿತು. 1960ರ ದಶಕದಲ್ಲಿ ಕರಾವಳಿಯಲ್ಲಿ ಶಾಶ್ವತ ಒಡ್ಡುಗಳು ಎದ್ದವು. ಸುತ್ತ ಒಡ್ಡು, ಒಳಗೆ ಹೊಲ, ನೀರು ಬಿಡಲು ತೂಬು. ಡಚ್ಚರ ಮಾದರಿಯ ಪೋಲ್ಡರ್ ಅಂದರೆ ಇದೇ. ಮುಂದೆ ಇವುಗಳ ಸಂಖ್ಯೆ 139ಕ್ಕೆ ಮುಟ್ಟಿತು.

ಅದಕ್ಕೂ ಮೊದಲು ಅಲ್ಲಿ ‘ಅಷ್ಟಮಾಸಿ ಬಾಂಧ್’ ಇತ್ತು. ಉಪ್ಪುನೀರು ಏರುವ ಎಂಟು ತಿಂಗಳಿಗೆ ಮಾತ್ರ ಮಣ್ಣಿನ ಒಡ್ಡು. ಮಳೆಗಾಲದಲ್ಲಿ ಹೊಳೆ ನೀರು ಹೊಲಕ್ಕೆ ನುಗ್ಗಿ ಮೆಕ್ಕಲು ಮಣ್ಣು ಬಿಟ್ಟು ಹೋಗುತ್ತಿತ್ತು. ಎಂಜಿನಿಯರುಗಳಿಗೆ ಇದು ಹಳೇ ಕಾಲದ ಕೆಲಸ ಅನ್ನಿಸಿತು. ಶಾಶ್ವತ ಒಡ್ಡಿನಿಂದ ಮೊದಮೊದಲು ಲಾಭವೇ ಆಯಿತು, ಭತ್ತದ ಇಳುವರಿ ಏರಿತು. ಆದರೆ ಗಂಗಾ, ಬ್ರಹ್ಮಪುತ್ರ, ಮೇಘನಾ ಸೇರಿ ವರ್ಷಕ್ಕೆ ಸುಮಾರು 100 ಕೋಟಿ ಟನ್ ಹೂಳು ತರುತ್ತವೆ. ಅದು ಎಲ್ಲಿಗೆ ಹೋಗಬೇಕು? ಹೊಲದ ದಾರಿ ಮುಚ್ಚಿದ ಮೇಲೆ ಉಬ್ಬರದ ಜೊತೆ ಬಂದ ಹೂಳು ಹೊಳೆಯ ಪಾತ್ರದಲ್ಲೇ ಕೂತಿತು. ಹೊಳೆ ಮೇಲೆ, ಹೊಲ ಕೆಳಗೆ. ಖುಲ್ನಾ, ಜೆಸೋರ್ ಕಡೆ ಮಳೆನೀರು ಹೊರಹೋಗದೆ ವರ್ಷಗಟ್ಟಲೆ ನಿಂತಿತು.

ಅಲ್ಲಿ ನೀರು ನಿಲ್ಲುವ ತಗ್ಗು ಜಾಗಕ್ಕೆ ‘ಬೀಲ್’ ಅಂತಾರೆ. 1990ರಲ್ಲಿ ಬೀಲ್ ಡಾಕಾತಿಯಾದ ಜನ ತಾವೇ ಒಡ್ಡು ಕಡಿದರು. 1997ರಲ್ಲಿ ಬೀಲ್ ಭಾಯ್ನಾದವರೂ ಅದನ್ನೇ ಮಾಡಿದರು. ಉಬ್ಬರದ ನೀರು ಒಳಬಂದು ಹೂಳು ಬಿಟ್ಟಿತು, ತಗ್ಗಿನ ಜಮೀನು ಏರಿತು. ಇಳಿತದ ಸೆಳೆತಕ್ಕೆ ಪಕ್ಕದ ‘ಹರಿ’ ಅನ್ನೋ ಹೊಳೆಯೂ ಆಳವಾಯಿತು. ಸರ್ಕಾರ ಇದಕ್ಕೆ ‘ಟೈಡಲ್ ರಿವರ್ ಮ್ಯಾನೇಜ್‌ಮೆಂಟ್’ (ಉಬ್ಬರವಿಳಿತದ ಹೊಳೆಯ ನಿರ್ವಹಣೆ) ಅಂತ ಹೆಸರಿಟ್ಟು ತನ್ನದಾಗಿಸಿಕೊಂಡಿತು. ಬೇರೆ ಕಡೆ ಅಷ್ಟು ಸಲೀಸಾಗಿ ನಡೆಯಲಿಲ್ಲ. ಜಮೀನು ವರ್ಷಗಟ್ಟಲೆ ನೀರಲ್ಲಿ ಮುಳುಗಿದ್ದರೆ ರೈತ ಏನು ತಿನ್ನಬೇಕು? ಪರಿಹಾರದ ಹಣಕ್ಕೆ ತಕರಾರು ಎದ್ದಿತು. ನನಗೆ ಕಾಣುವಂತೆ ಡೆಲ್ಟಾ ಪ್ಲ್ಯಾನ್‌ನ ನಿಜವಾದ ಪರೀಕ್ಷೆ ಇಲ್ಲೇ ಇದೆ, ಕಾಂಕ್ರೀಟಿನಲ್ಲಿ ಅಲ್ಲ.

ತಿಳಿವಳಿಕೆಯಿಂದ ಏನಾಗಬಹುದು ಅನ್ನೋದನ್ನು ಈ ದೇಶ ಆಗಲೇ ತೋರಿಸಿದೆ. 1970ರ ಭೋಲಾ ಚಂಡಮಾರುತದಲ್ಲಿ ಕನಿಷ್ಠ 3 ಲಕ್ಷ ಜನ ಸತ್ತರು. 2007ರ ಸಿಡರ್ ಕೂಡ ಭೀಕರವೇ, ಸತ್ತವರು ಸುಮಾರು 3,400. ನಡುವಿನ ವರ್ಷಗಳಲ್ಲಿ ಮುನ್ಸೂಚನೆ ಸುಧಾರಿಸಿತ್ತು. ಆಸರೆ ಕಟ್ಟಡಗಳು ಬಂದಿದ್ದವು. ಮೆಗಾಫೋನ್ ಹಿಡಿದು ಊರೂರು ಎಚ್ಚರಿಸುವ ಸ್ವಯಂಸೇವಕರ ಪಡೆಯೇ ಇತ್ತು.

ಇಷ್ಟೆಲ್ಲ ಮಾಡಿದರೂ ನೀರಿನ ಕೀಲಿ ಪೂರ್ತಿ ಅವರ ಕೈಯಲ್ಲಿಲ್ಲ. ಈ ಮೂರು ನದಿಗಳ ಜಲಾನಯನ ಪ್ರದೇಶದ ಶೇ. 90ಕ್ಕೂ ಜಾಸ್ತಿ ಭಾಗ ದೇಶದ ಹೊರಗಿದೆ. ಮೇಲಿನವರು ಕೆಳಗಿನವರು ಅನ್ನೋ ಜಗಳ ಕಾವೇರಿ ಕಂಡ ನಮಗೆ ಗೊತ್ತೇ ಇದೆ ಅಲ್ವಾ? 1975ರಲ್ಲಿ ಗಂಗೆಗೆ ಅಡ್ಡ ಕಟ್ಟಿದ ಭಾರತದ ಫರಕ್ಕಾ ಬ್ಯಾರೇಜ್ ಶುರುವಾದ ಮೇಲೆ ಬೇಸಿಗೆಯ ಗಂಗಾ ನೀರಿಗೆ ತಗಾದೆ ಹುಟ್ಟಿತು. 1996ರ ಡಿಸೆಂಬರ್‌ನಲ್ಲಿ ಎರಡೂ ದೇಶ ಹಂಚಿಕೆಗೆ ಸಹಿ ಹಾಕಿದವು. ಆ ಒಪ್ಪಂದದ ಆಯುಷ್ಯ 30 ವರ್ಷ, 2026ರ ಡಿಸೆಂಬರ್‌ವರೆಗೆ. ಡೆಲ್ಟಾ ಪ್ಲ್ಯಾನ್‌ನ ಲೆಕ್ಕ ಅಲ್ಲಿಂದ ಇನ್ನೂ 74 ವರ್ಷ ಮುಂದಕ್ಕಿದೆ.